ಗೇಣಳತೆಯ ಕಣ್ಣು

ಶಿವಲಿಂಗವ್ವನ ಚಷ್ಮಾ ಹಣೆಯ ಮೇಲೆ ಏರಿದ್ದರೆ ಅವಳನ್ನು ಮಾತಾಡಿಸಬಾರದು ಎಂಬುದು ಬೆಳಗಾವಿಯ ವಡಗಾವಿಯಲ್ಲಿ ಅವಳ ಓಣಿಯವರಿಗೆಲ್ಲ ಗೊತ್ತು. ಚಷ್ಮಾ ಮೂಗಿನ ಮೇಲಿದ್ದಾಗ ಅವಳು ಎಲ್ಲರಂಥ ಹೆಂಗಸು. ನಗುತ್ತಾಳೆ, ಬೈಯುತ್ತಾಳೆ, ಕಾಯಿಪಲ್ಲೆಯವನ ಕೂಡ ವಾದಕ್ಕೆ ನಿಲ್ಲುತ್ತಾಳೆ. ಹಣೆಗೆ ಏರಿತೆಂದರೆ ಮುಗಿಯಿತು. ಬಟ್ಟೆಯನ್ನು ಕಣ್ಣಿನಿಂದ ಒಂದೇ ಗೇಣು ದೂರಕ್ಕೆ ಹಿಡಿದು, ಕೂದಲಂಥ ಸೂಜಿಯಿಂದ ಎಳೆಯ ಪಕ್ಕದಲ್ಲಿ ಎಳೆ ಹಾಯಿಸುತ್ತ ಕೂತಳೆಂದರೆ ಬಾಗಿಲಿಗೆ ಆನೆ ಬಂದು ನಿಂತರೂ ಅವಳಿಗದು ಬರೀ ಕಪ್ಪು ಮಬ್ಬು.

ಅವಳದು ರಫು ಕೆಲಸ. ಸುಟ್ಟ, ಹರಿದ, ಇಲಿ ಕಡಿದ ಬಟ್ಟೆಗೆ ತೇಪೆ ಹಚ್ಚುವವರು ಊರ ತುಂಬ ಇದ್ದಾರೆ. ಇವಳು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತು ಬಿದ್ದ ಜಾಗದಲ್ಲಿ ಬಟ್ಟೆಯನ್ನೇ ಮತ್ತೆ ನೇಯುತ್ತಾಳೆ. ಮೊದಲು ಹಾಸಿನ ಎಳೆ ಉದ್ದಕ್ಕೆ, ಆಮೇಲೆ ಹೊಕ್ಕಿನ ಎಳೆ ಅಡ್ಡಕ್ಕೆ. ಒಂದರ ಮೇಲೆ, ಒಂದರ ಕೆಳಗೆ. ಕೆಲಸ ಸರಿಯಾಯಿತೆಂದರೆ ಕೆಲಸವೇ ಕಾಣಿಸಬಾರದು. ಇಪ್ಪತ್ತೈದು ವರ್ಷ ದುಡಿದು ತೋರಿಸಲಿಕ್ಕೆ ಏನೂ ಉಳಿಯದ ಕಸುಬು ಇದು. ಅವಳಿಗೆ ಅದೇ ಹೆಮ್ಮೆ.

ಈ ಕಸುಬು ಅವಳ ಕೈ ಹಿಡಿದದ್ದು ಕಣ್ಣಿನಿಂದಲೇ. ಖಾನಾಪುರ ತಾಲೂಕಿನ ನಂದಗಡ ಅವಳ ತವರು. ಸಣ್ಣವಳಿದ್ದಾಗ ಶಾಲೆಯಲ್ಲಿ ಕರಿಹಲಗೆಯ ಮೇಲಿನ ಅಕ್ಷರ ಅವಳಿಗೆ ಒಂದು ದಿನವೂ ಕಂಡಿರಲಿಲ್ಲ. ಮಾಸ್ತರರು ದಡ್ಡಿ ಎಂದರು, ಹುಡುಗಿಯರು ಕುರುಡಿ ಎಂದರು, ಮನೆಯವರು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಪಕ್ಕದ ಮನೆಯ ಜೈನರ ಅಕ್ಕಾತಾಯಿ ಮಾತ್ರ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಈ ಹುಡುಗಿಯನ್ನು ನೋಡುತ್ತಿದ್ದಳು. ಹುಡುಗಿ ಅಕ್ಕಿಯನ್ನು ಮೂಗಿನ ಹತ್ತಿರ ಹಿಡಿದು, ಬೇರೆಯವರಿಗೆ ಕಾಣದ ನುಸಿಯನ್ನು ಹೆಕ್ಕಿ ಹೆಕ್ಕಿ ಒಗೆಯುತ್ತಿತ್ತು.

"ಯಾರಲೇ ಈಕಿಗಿ ಕುರುಡಿ ಅಂದಾಂವ?" ಎಂದು ಅಕ್ಕಾತಾಯಿ ಓಣಿಗೇ ಕೇಳುವಂತೆ ಒದರಿದ್ದಳು. "ಈಕಿ ಕಣ್ಣು ದೂರದ್ದು ಬಿಟ್ಟಾವು, ಹತ್ತರದ್ದು ಹಿಡದಾವು. ಬಾ ಮಗಳ, ಸೂಜಿ ಹಿಡಿ."

ಅಂದು ಹಿಡಿದ ಸೂಜಿ. ಮುಂದಿನ ವರ್ಷ ಊರಿಗೆ ಕಣ್ಣು ತಪಾಸಣೆಯವರು ಬಂದು ಚಷ್ಮಾ ಕೊಟ್ಟರು. ಆ ದಿನ ಶಿವಲಿಂಗವ್ವ ಮೊದಲ ಸಲ ಗಿಡದ ಎಲೆಗಳನ್ನು ಬಿಡಿಬಿಡಿಯಾಗಿ ನೋಡಿದಳು, ಸಂಜೆಯವರೆಗೆ ಕತ್ತೆತ್ತಿಕೊಂಡೇ ಅಡ್ಡಾಡಿದಳು. ಸೂಜಿ ಹಿಡಿಯುವಾಗ ಮಾತ್ರ ಚಷ್ಮಾ ಅಡ್ಡ ಬರುತ್ತಿತ್ತು. ಹಣೆಗೆ ಏರಿಸಿದಳು. ಆ ರೂಢಿ ಇಂದಿಗೂ ಬಿಟ್ಟಿಲ್ಲ.

ಮುಂದೆ ವಡಗಾವಿಯ ಗುರುಪುತ್ರಪ್ಪನಿಗೆ ಮದುವೆ ಮಾಡಿ ಕೊಟ್ಟರು. ಅವನು ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಗಂಡ ನೇಯ್ದದ್ದು ಹರಿದರೆ ಹೆಂಡತಿ ಕೂಡಿಸುತ್ತಾಳೆ ಎಂದು ಮಂದಿ ನಗೆಚಾಟಿಕೆ ಮಾಡುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ಎಲ್ಲ ಸುರಳೀತ ನಡೆದಿತ್ತು. ಹೋದ ಮಳೆಗಾಲದ ಒಂದು ದಿನ ಅದು ಕೆಟ್ಟಿತು.

ಅಕ್ಕಾತಾಯಿಯ ಮೊಮ್ಮಗಳು ಅನುಜಾಳಿಗೆ ಬಸಿರಿನ ಏಳನೆಯ ತಿಂಗಳು. ಸೀಮಂತದ ಕುಬಸಕ್ಕೆ ಅಜ್ಜಿಯ ಮದುವೆಯ ಹಸಿರು ಸೀರೆಯನ್ನೇ ಉಡುತ್ತೇನೆಂದು ಹಟ ಹಿಡಿದಿದ್ದಳು. ಟ್ರಂಕು ತೆಗೆದರೆ ಸೆರಗಿನ ಬಾಜು ತುಕ್ಕು ತಿಂದು ಹುಣಸೆಬೀಜದಷ್ಟು ತೂತು. ಅಕ್ಕಾತಾಯಿಯ ಮಗ ಧನಪಾಲ, ನಂದಗಡದಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು, ಫೋನು ಮಾಡಿದ. "ಶಿವಲಿಂಗಕ್ಕ, ಅವ್ವ ಬ್ಯಾರೆಯವರ ಕೈಗಿ ಕೊಡಾಕ ಒಲ್ಲಳು. ನೀನ ಬಂದು ಒಯ್ಯಿ."

ಗುರುವಿನ ಸೀರೆ! ಶಿವಲಿಂಗವ್ವ ಮರುದಿನವೇ ಹೊರಟಳು. ಖಾನಾಪುರದಲ್ಲಿ ಬಸ್ಸಿಳಿದಾಗ ಮಳೆ ಒನಕೆ ಗಾತ್ರ ಬೀಳುತ್ತಿತ್ತು. ಚಷ್ಮಾದ ಗಾಜಿನ ಹೊರಗೆ ಹನಿ, ಒಳಗೆ ಉಗಿ. ಒರೆಸಿದರೆ ಮತ್ತೆ ಮಂಜು. ಸಾಲಾಗಿ ನಿಂತ ಬಸ್ಸುಗಳ ಬೋರ್ಡುಗಳು ಕಲಸಿದ ಹಿಟ್ಟಿನ ಹಾಗೆ ಕಾಣುತ್ತಿದ್ದವು. ಯಾರನ್ನಾದರೂ ಕೇಳಬಹುದಿತ್ತು. ಆದರೆ ಪಕ್ಕದಲ್ಲೇ ತವರಿನ ಕಡೆಯ ಸಾತವ್ವ, ಕಾಡವ್ವ ನಿಂತಿದ್ದರು. ಚಿಕ್ಕಂದಿನಲ್ಲಿ ಕುರುಡಿ ಎಂದು ಕುಣಿದವರು. ಅವರ ಮುಂದೆ ಬಾಯಿ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಕಂಡವಳ ಹಾಗೆ ಠೀವಿಯಿಂದ ನಡೆದು ಒಂದು ಬಸ್ಸು ಹತ್ತಿ ಕೂತಳು.

ಗದ್ದಲ ತಳ್ಳಿಕೊಂಡು ಕಂಡಕ್ಟರ್ ಅವಳ ಹತ್ತಿರ ಬರುವಷ್ಟರಲ್ಲಿ ಎರಡೂ ಬದಿ ಕಾಡು ಬಂದಿತ್ತು.

"ನಂದಗಡ," ಎಂದಳು.

"ಯವ್ವಾ, ಇದು ಲೋಂಡಾ ಬಸ್ಸು! ಬೋರ್ಡು ನೋಡಿಲ್ಲೇನ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಆ ಕ್ಷಣ ಅವಳಿಗೆ ಮಾಸ್ತರರ ಬೆತ್ತ ನೆನಪಾಯಿತು.

ಲೋಂಡಾದಲ್ಲಿ ಇಳಿದು ತಮ್ಮ ಗೌರೀಶನಿಗೆ ಫೋನು ಮಾಡಿದಳು. ಅವನು ಖಾನಾಪುರದಲ್ಲಿ ಮನೆ ಮಾಡಿಕೊಂಡು ಆ ಸೀಮೆಯ ಕರೆಂಟಿನ ಕಂಬಗಳನ್ನು ಹತ್ತುವ ಲೈನ್‌ಮನ್. ಬೈಕಿನ ಮೇಲೆ ಬಂದವನು ನೋಡಿದ್ದು, ತನ್ನನ್ನು ಎತ್ತಿ ಆಡಿಸಿದ ಅಕ್ಕ ಒದ್ದೆ ಸೆರಗಿನಿಂದ ಒದ್ದೆ ಚಷ್ಮಾ ಒರೆಸುತ್ತ ನಿಂತದ್ದನ್ನು. ಅವನಿಗೆ ಕನಿಕರ ಬಂತು. ಅದು ಸಿಟ್ಟಾಗಿ ಹೊರಬಿತ್ತು.

"ಸಾಕಿನ್ನ! ಲೇಸರ್ ಮಾಡಸೂಣು. ನಾ ಮಾಡಿಸಿಕೊಂಡು ಎರಡು ವರ್ಷಾತು. ಮಳ್ಯಾಗ ಕಂಬ ಹತ್ತತೇನಿ, ಒಂದು ತಂತಿ ತಪ್ಪಿ ಮುಟ್ಟಿಲ್ಲ. ಚಷ್ಮಾ ಇದ್ದಾಗ ಎಷ್ಟು ಸಲ ಜೀವ ಕೈಯಾಗ ಹಿಡಕೊಂಡು ಇಳದೇನಿ, ನಿನಗ ಗೊತ್ತಿಲ್ಲ."

ಅದು ಖರೇ ಮಾತು. ಲೇಸರ್ ಮಾಡಿಸಿಕೊಂಡ ಮೇಲೆ ಗೌರೀಶ ಹೊಸ ಮನುಷ್ಯನಾಗಿದ್ದ. ಮೊದಲ ಎರಡು ದಿನ ಕಣ್ಣು ಉರಿಯಿತು, ಕೆಲವು ತಿಂಗಳು ಹನಿ ಹಾಕಿಕೊಂಡ, ಎದುರಿನ ಗಾಡಿಯ ದೀಪಕ್ಕೆ ಉಂಗುರ ಕಾಣುತ್ತವೆ ಎಂದು ಗೊಣಗಿದ. ಆಮೇಲೆ ಅದೂ ಕಡಿಮೆಯಾಯಿತು. ಅವನಿಗೆ ಆದದ್ದು ಅಕ್ಕನಿಗೆ ಯಾಕೆ ಆಗಬಾರದು?

ಅದೇ ದಿನ ಅವನ ಬೈಕಿನ ಮೇಲೆ ನಂದಗಡಕ್ಕೆ ಹೋಗಿ ಸೀರೆ ತಂದಳು. ಆ ವಾರದಲ್ಲೇ ಅವನು ಅವಳನ್ನು ಬೆಳಗಾವಿಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಗುರುಪುತ್ರಪ್ಪನೂ ಜೊತೆಗಿದ್ದ. ಡಾಕ್ಟರ್ ಪೂರ್ಣಿಮಾ ನಡುಹರೆಯದ ಹೆಂಗಸು, ಅವಸರವಿಲ್ಲದ ಮಾತು. ಯಂತ್ರಗಳ ಮುಂದೆ ಕೂರಿಸಿ, ಹನಿ ಹಾಕಿ, ಎಲ್ಲ ಅಳೆದರು.

"ಮೈನಸ್ ಐದು ಅದರೀ. ಕಣ್ಣಿನ ಮುಂದಿನ ಗಾಜಿನಂಥಾ ಪದರ ದಪ್ಪಗದ, ನಂಬರೂ ಭಾಳ ವರ್ಷದಿಂದ ಬದಲಾಗಿಲ್ಲ. ಆಪರೇಷನ್ ಮಾಡಾಕ ಅಡ್ಡಿ ಏನಿಲ್ಲ."

"ಮತ್ತ ತಡ ಯಾಕ? ಡೇಟ್ ಕೊಡ್ರಿ," ಎಂದ ಗೌರೀಶ.

"ತಡೀರಿ ಲೈನ್‌ಮನ್ ಸಾಹೇಬ್ರ. ನಿಮ್ಮ ಅಕ್ಕಾರಿಗಿ ನಲವತ್ತನಾಕು ವರ್ಷ. ಏನ್ ಕೆಲಸ ಮಾಡತೀರಿ ತಾಯಿ?"

ಶಿವಲಿಂಗವ್ವ ಚೀಲದಿಂದ ಒಂದು ಧೋತರ ತೆಗೆದು, ಚಷ್ಮಾ ಹಣೆಗೆ ಏರಿಸಿ, ಗೇಣು ದೂರಕ್ಕೆ ಹಿಡಿದು ತೋರಿಸಿದಳು. ಡಾಕ್ಟರು ಒಂದು ಅಳತೆಪಟ್ಟಿ ತಂದು ಅವಳ ಕಣ್ಣಿನಿಂದ ಬಟ್ಟೆಯವರೆಗೆ ಇಟ್ಟರು. ಇಪ್ಪತ್ತು ಸೆಂಟಿಮೀಟರ್. ಅವರ ಮುಖದಲ್ಲಿ ನಗು ಬಂತು.

"ಮೈನಸ್ ಐದರ ಕಣ್ಣಿಗಿ ಚಂದ ಕಾಣೂ ಜಾಗಾ ಇದಽ ನೋಡ್ರಿ. ನೀವು ಲೆಕ್ಕಾ ಓದದ ಹಿಡಕೊಂಡೀರಿ. ಈಗ ಕೇಳ್ರಿ. ಲೇಸರ್ ಮಾಡಿದ್ರ ದೂರದ ಚಷ್ಮಾ ಹೋಗತದ. ಬಸ್ಸು, ಬೋರ್ಡು, ಮಂದಿ ಮುಖ ಎಲ್ಲಾ ಬರಿಗಣ್ಣೀಲೆ. ಆದ್ರ ಈ ವಯಸ್ಸಿನ್ಯಾಗ ಹತ್ತರದ್ದು ಮಬ್ಬಾಗಿ ಚಾಳೀಸು ಬರತದ. ನಿಮಗೂ ಬಂದಿರಬೇಕಿತ್ತು, ಚಷ್ಮಾ ಮ್ಯಾಲ ಏರಸಿ ತಪ್ಪಿಸಿಕೊಂಡೀರಿ."

"ಚಾಳೀಸು ಹಾಕ್ಕೊಂಡ್ರಾತು," ಎಂದ ಗೌರೀಶ. "ಎಲ್ಲಾರೂ ಹಾಕ್ಕೊಂತಾರ."

"ಹಾಕ್ಕೋಬಹುದು. ಭಾಳ ಮಂದಿಗಿ ಅಷ್ಟ ಸಾಕು. ಇವರ ಕೆಲಸಕ್ಕ ದಪ್ಪಂದು ಬೇಕಾದೀತು. ಮ್ಯಾಲ ಕಣ್ಣು ಒಣಗೂದು ಒಂದ ಅದ. ರೆಪ್ಪಿ ಬಡೀದ ತಾಸಗಟ್ಟಲೆ ಕೂಡವರಿಗಿ ಅದು ಜಾಸ್ತಿ ತ್ರಾಸು. ಸೋಂಕು ಗೀಂಕು ಆಗೂದು ಅಪರೂಪ, ಆದ್ರ ಇಲ್ಲ ಅನ್ನಂಗಿಲ್ಲ. ಒಮ್ಮೆ ಮಾಡಿದ್ದನ್ನ ಮೊದಲಿನಂಗ ಮಾಡಾಕ ಬರೂದಿಲ್ಲ." ಡಾಕ್ಟರು ಶಿವಲಿಂಗವ್ವನ ಕಡೆಗೇ ತಿರುಗಿದರು. "ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಕಣ್ಣ ಕೇಳ್ರಿ. ಕಣ್ಣೊಳಗ ಹಾಕೂ ಲೆನ್ಸ್ ಕೊಡತೇನಿ. ಒಂದು ವಾರ ಹಾಕ್ಕೊಂಡು ಅಡ್ಡಾಡ್ರಿ, ಕೆಲಸಾ ಮಾಡ್ರಿ. ಆಪರೇಷನ್ ಆದ ಮ್ಯಾಲ ಹೆಚ್ಚುಕಮ್ಮಿ ಹಂಗ ಕಾಣತದ."

ಗೌರೀಶ ಅದಕ್ಕೆ ಒಪ್ಪಿದ. ಒಪ್ಪಿದವನು ಹಿಂದಿನ ಬಾಗಿಲಿನಿಂದ ಹೋಗಿ ಹತ್ತು ದಿನ ಬಿಟ್ಟು ಬರುವ ಸೋಮವಾರಕ್ಕೆ ಡೇಟನ್ನೂ ಬರೆಸಿ ಬಂದ. ಬಳಗಕ್ಕೆಲ್ಲ ಫೋನಿನಲ್ಲಿ ಹೇಳಿಯೂ ಬಿಟ್ಟ.

ಆ ವಾರ ಶಿವಲಿಂಗವ್ವನ ಬಾಳಿನಲ್ಲಿ ಹಬ್ಬ. ಸುಳ್ಳು ಹೇಳಿ ಏನು ಮಾಡುವುದು? ಕೈ ತೊಳೆದು ಲೆನ್ಸ್ ಹಾಕಿಕೊಳ್ಳುವುದಕ್ಕೆ ಮೊದಲೆರಡು ದಿನ ಅರ್ಧ ಮುಂಜಾನೆ ಹೋಯಿತು, ಕಣ್ಣಿಗೆ ಬೆರಳು ಚುಚ್ಚಿಕೊಂಡು ಅತ್ತಳು. ಆಮೇಲೆ ಅನ್ನದ ಬೋಗುಣಿಯ ಮುಚ್ಚಳ ತೆಗೆದಾಗ ಉಗಿ ಬಂದು ಕುರುಡಾಗುವುದು ತಪ್ಪಿತು. ಮೂಗಿನ ಮೇಲೆ ಮೂವತ್ತು ವರ್ಷದಿಂದ ಕೂತಿದ್ದ ಎರಡು ಕೆಂಪು ಗುಳಿಗಳಿಗೆ ಗಾಳಿ ಬಿತ್ತು. ಗಂಡನ ಸ್ಕೂಟರಿನ ಹಿಂದೆ ಕೂತು ಮಳೆಯಲ್ಲಿ ಹೊರಟರೆ ಮುಖಕ್ಕೆ ಹನಿ ಬಡಿಯುತ್ತಿದ್ದರೂ ದಾರಿ ಕಾಣುತ್ತಿತ್ತು. ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದತೊಡಗಿದಳು.

"ಏ, ಸುಮ್ಮನ ಕುಂದ್ರ," ಎಂದ ಗುರುಪುತ್ರಪ್ಪ. "ಮಂದಿ ನನ್ನ ಹಿಂದ ಸಾಲಿ ಹುಡುಗಿ ಕುಂತಾಳ ಅಂತಾರ."

"ಅನ್ಲಿ ಬಿಡ್ರಿ. ಸಾಲ್ಯಾಗ ಓದಿದ್ದಿಲ್ಲ, ಈಗ ಓದತೇನಿ!"

ಭಾನುವಾರ ಖಾನಾಪುರಕ್ಕೆ ತಮ್ಮನ ಮನೆಗೆ ಹೋದಾಗ ಮಲಪ್ರಭೆಯ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಲು ಹೇಳಿದಳು. ಕೆಂಪು ನೀರಿನ ಮೇಲೆ ಮಳೆ ಬೀಳುತ್ತಿತ್ತು. ಮುಖ ಮೇಲೆತ್ತಿ ಕಣ್ಣು ಬಿಟ್ಟುಕೊಂಡೇ ಮಳೆ ನೋಡಿದಳು. ಮಳೆ ಬರುವುದು ಮುಖದ ಮೇಲೆ ಗೊತ್ತಾಗುತ್ತದೆ ಎಂದು ತಿಳಿದಿತ್ತು. ಬರುವಾಗ ಕಾಣುತ್ತದೆ ಎಂದು ಆ ದಿನ ತಿಳಿಯಿತು. ಡಾಕ್ಟರು ಕಣ್ಣಲ್ಲಿ ಲೆನ್ಸ್ ಇದ್ದಾಗ ನೀರು ಬೀಳಿಸಿಕೊಳ್ಳಬೇಡಿ ಎಂದಿದ್ದರು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ತಮ್ಮನ ಮನೆಗೆ ಬಂದು ಗೌರೀಶನಿಗೆ, "ಮಾಡಿಸಿಕೊಂತೇನಿ ತಮ್ಮಾ," ಎಂದೇ ಹೇಳಿಬಿಟ್ಟಳು.

ಆದರೆ ಅಕ್ಕಾತಾಯಿಯ ಸೀರೆ ಇನ್ನೂ ಕಪಾಟಿನಲ್ಲಿತ್ತು. ಕುಬಸ ಹತ್ತಿರ ಬಂದಿತ್ತು. ಮರುದಿನ ಬೆಳಕು ಬಲಿತ ಮೇಲೆ ಕಿಟಕಿಗೆ ಕೂತು ಸೀರೆ ಬಿಚ್ಚಿದಳು. ಗೇಣು ದೂರಕ್ಕೆ ಹಿಡಿದಳು. ಹಸಿರು ಮಬ್ಬು, ಮತ್ತೇನೂ ಇಲ್ಲ. ಕೈ ತಾನಾಗಿಯೇ ಹಣೆಗೆ ಹೋಯಿತು, ಚಷ್ಮಾ ಏರಿಸಲು. ಅಲ್ಲಿ ಏರಿಸಲು ಏನೂ ಇರಲಿಲ್ಲ. ಬೆರಳು ಬರೀ ಹುಬ್ಬು ಸವರಿ ಬಂತು.

ಲೆನ್ಸಿನ ಜೊತೆಗೆ ಡಾಕ್ಟರು ಕೊಟ್ಟಿದ್ದ ಚಾಳೀಸು ಹಾಕಿಕೊಂಡಳು. ಮೊಳ ದೂರಕ್ಕೆ ಹಿಡಿದರೆ ಎಳೆಗಳು ಕಂಡವು; ಕಂಡವು ಖರೆ, ಆದರೆ ಊರಾಚೆಯ ಹೊಲದ ಸಾಲುಗಳ ಹಾಗೆ ಕಂಡವು. ತೋಳು ಚಾಚಿ ಸೂಜಿ ಹಾಯಿಸುವುದು ಬೇರೆಯವರ ಕೈಯಿಂದ ಉಂಡ ಹಾಗೆ. ಹಟ ಬಿಡದೆ ಮೂರು ದಿನ ಕೂತಳು. ಕಣ್ಣು ಒಣಗಿ ಮರಳು ಬಿದ್ದಂತಾಯಿತು, ಕತ್ತು ಸೆಟೆಯಿತು. ಗುರುವಾರ ತೂತು ಮುಚ್ಚಿತು.

ಗುರುಪುತ್ರಪ್ಪ ಸೀರೆಯನ್ನು ಬೆಳಕಿಗೆ ಹಿಡಿದ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಮನುಷ್ಯ. ಹಿಂದೆ ನೋಡಿದ, ಮುಂದೆ ನೋಡಿದ.

"ಎಲ್ಲಿತ್ತ ತೂತು? ನನಗ ಕಾಣವಲ್ದು."

ಕೆಲಸ ಎಲ್ಲಿಗೆ ಬಂತೆಂದು ಕೇಳಲು ಬಂದಿದ್ದ ಗೌರೀಶನೂ ನೋಡಿ ತೊಡೆ ತಟ್ಟಿದ. "ನೋಡಿದ್ಯಾ! ಚಾಳೀಸಿನ್ಯಾಗೂ ಆತು. ಸುಮ್ಮಸುಮ್ಮನ ಹೆದರಿಸಿದ್ರು ಡಾಕ್ಟರ್ ಬಾಯಾರು."

ಶಿವಲಿಂಗವ್ವ ಮೋರಿಗೆ ಹೋಗಿ ಕೈ ತೊಳೆದು ಲೆನ್ಸ್ ತೆಗೆದಳು. ಬಂದು ಸೀರೆ ಇಸಿದುಕೊಂಡು ಬರಿಗಣ್ಣಿಗೆ ಗೇಣು ದೂರ ಹಿಡಿದಳು. ಉಸಿರು ಬಿಗಿ ಹಿಡಿದು ಒಂದೊಂದೇ ಎಳೆಯ ಮೇಲೆ ಕಣ್ಣು ನಡೆಸಿದಳು. ನಡುವಿಗೆ ಬಂದಾಗ ನಿಂತಳು. ಎರಡು ಎಳೆ ಒಟ್ಟಿಗೆ ಹಾರಿದ್ದವು. ಒಂದರ ಮೇಲೆ, ಒಂದರ ಕೆಳಗೆ ಹೋಗಬೇಕಾದ ಹೊಕ್ಕು ಎರಡರ ಮೇಲೆ ಹೋಗಿತ್ತು. ಅದರಾಚೆ ಇನ್ನೊಂದು ಕಡೆಯೂ ಹಾಗೇ.

"ತಪ್ಪೈತಿ," ಎಂದಳು.

"ಎಲ್ಲಿ? ಯಾರಿಗಿ ಕಾಣತೈತಿ ಅದು?" ಗೌರೀಶ ಸೀರೆಗೆ ಮೂಗು ಹಚ್ಚಿದ.

"ನನಗ ಕಾಣತೈತಿ."

"ನಿನಗ ಒಬ್ಬಾಕಿಗಿ ಕಂಡ್ರೇನಾತು? ಉಡಾಕಿ ನೋಡೂದಿಲ್ಲ, ನೋಡಾಕಿಗಿ ಕಾಣೂದಿಲ್ಲ."

"ನೀ ಕಂಬದ ಮ್ಯಾಲ ಒಂದು ಗಂಟು ಸಡಿಲ ಬಿಟ್ಟು ಇಳದು, ಕೆಳಗ ನಿಂತಾವರಿಗಿ ಕಾಣೂದಿಲ್ಲ ಅಂತೀಯೇನ?"

ಗೌರೀಶ ಸೀರೆಯಿಂದ ಮೂಗು ತೆಗೆದು ಹಿಂದೆ ಸರಿದ.

ಅವಳು ಕಣ್ಣಿಗೆ ಒಂದು ರಾತ್ರಿಯ ಬಿಡುವು ಕೊಟ್ಟಳು. ಶುಕ್ರವಾರ ಮುಂಜಾನೆ ಮೊದಲು ಆಸ್ಪತ್ರೆಗೆ ಫೋನು ಹಚ್ಚಿ ಡಾಕ್ಟರ್ ಪೂರ್ಣಿಮಾ ಅವರನ್ನು ಕೇಳಿದಳು. "ಬಾಯಾರ, ಸೋಮವಾರದ್ದು ನನ್ನ ಹೆಸರು ಹೊಡದು ಹಾಕ್ರಿ. ನಿಮ್ಮ ಮಷೀನ್ ಚಲೋ ಐತಿ. ನನ್ನ ತಮ್ಮನ ಜೀವಾ ಉಳಿಸೇತಿ. ನನಗ ಮಾತ್ರ ಬ್ಯಾಡ."

"ಪಕ್ಕಾ ವಿಚಾರ ಮಾಡೀರಿ?"

"ಚಷ್ಮಾ ಆದ್ರ ಹಣಿ ಮ್ಯಾಲ ಏರಸಬಹುದು. ನೀವು ತಿದ್ದಿದ ಕಣ್ಣು ಎಲ್ಲಿ ಏರಸಲ್ರಿ?"

ಅತ್ತ ಕಡೆ ಡಾಕ್ಟರು ಜೋರಾಗಿ ನಕ್ಕರು. "ನಾ ಕೊಡಬೇಕಾದ ಸಲಹಾ ನೀವ ಕೊಟ್ರಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಾಕ ಮಾತ್ರ ತಪ್ಪಬ್ಯಾಡ್ರಿ. ಇಂಥಾ ಕಣ್ಣಿನ ಹಿಂದಿನ ಪರದೆ ಮ್ಯಾಲ ನಿಗಾ ಇಡಬೇಕು."

ಆಮೇಲೆ ಕಿಟಕಿಗೆ ಕೂತಳು. ಚಷ್ಮಾ ಹಣೆಗೆ ಏರಿತು. ಮೂರು ದಿನದ ಕೆಲಸವನ್ನು ಎಳೆ ಎಳೆಯಾಗಿ ಬಿಚ್ಚಿ ಒಗೆದಳು. ನೋಡುತ್ತಿದ್ದ ಗುರುಪುತ್ರಪ್ಪ ಬೇಡ ಎನ್ನಲು ಬಂದ, ಆದರೆ ಚಷ್ಮಾ ಹಣೆಯ ಮೇಲಿತ್ತು, ಮಾತಾಡುವಂತಿಲ್ಲ. ಅಡಿಗೆಮನೆಗೆ ಹೋಗಿ ತಾನೇ ಚಹಾ ಕುದಿಸಿದ. ಶುಕ್ರವಾರ, ಶನಿವಾರ, ಭಾನುವಾರ. ಬೆಳಕು ಇದ್ದಷ್ಟು ಹೊತ್ತು ಸೂಜಿ ನಡೆಯಿತು, ಬೆಳಕು ಇಳಿದಾಗ ನಿಂತಿತು.

ಸೋಮವಾರ ಎಂಟಕ್ಕೆ ಗೌರೀಶ ಗೆಳೆಯನ ಕಾರು ತೆಗೆದುಕೊಂಡು ಬಂದು ಹಾರ್ನ್ ಹೊಡೆದ. ಅಕ್ಕ ಹೊಸ ಸೀರೆ ಉಟ್ಟು, ಕೈಯಲ್ಲಿ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಗಂಟ್ಯಾಕ? ಒಂದು ತಾಸಿನ್ಯಾಗ ಮನೀಗಿ ಬಿಡತಾರ."

"ನಂದಗಡಕ್ಕ ಹೊಂಟೇನಿ. ಇವತ್ತು ಅನುಜಾನ ಕುಬಸ."

"ಮತ್ತ ಡೇಟು?"

"ಶುಕ್ರವಾರನ ಹೊಡದು ಹಾಕಸೇನಿ."

ಗೌರೀಶನ ಮುಖ ಕೆಂಡವಾಯಿತು. "ಬಳಗಕ್ಕೆಲ್ಲಾ ಏನ್ ಹೇಳಲಿ ನಾ? ಮಳಿಗಾಲ ಇನ್ನೂ ಮುಗದಿಲ್ಲ. ಲೋಂಡಾದಾಗ ನಿಂತದ್ದು ಮರತ್ಯಾ? ಮತ್ತ ಹಂಗ ನಿಂದ್ರಾಕ ಹೋಗತೀ?"

"ಮರತಿಲ್ಲೋ ತಮ್ಮಾ. ಅವತ್ತ ಒಂದು ಮಾತು ಕೇಳಿದ್ರ ಆಗತಿತ್ತು. ಸಾತವ್ವ, ಕಾಡವ್ವ ನಗತಾರ ಅಂತ ಹೆದರಿ ಕೇಳಲಿಲ್ಲ. ಅದು ನನ್ನ ನಾಚಿಕಿ ತಪ್ಪು. ನಾಚಿಕೀಗಿ ಕಣ್ಣು ಕೊಯ್ಸಬೇಕೇನ?" ಅವಳ ಧ್ವನಿ ಏರಿತು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. "ನೀ ಕಂಬ ಹತ್ತಾಂವ, ನಿನಗ ದೂರದ ಕಣ್ಣು ಬೇಕು, ಮಾಡಿಸಿಕೊಂಡಿ, ಚಲೋ ಆತು. ನಾ ಎಳಿ ಎಣಸಾಕಿ. ದೂರದ್ದು ಕಾಣದಿದ್ರ ಗಾಜು ಹಾಕ್ಕೊಂತೇನಿ. ಹತ್ತರದ್ದು ಹೋದ್ರ ನನ್ನ ಹತ್ರ ಮತ್ತೇನೈತಿ? ಬಳಗದವರು ಕೇಳಿದ್ರ ಹೇಳು, ನಮ್ಮಕ್ಕ ಒಲ್ಲೆ ಅಂದ್ಳು ಅಂತ. ಹೆದರಿ ಒಲ್ಲೆ ಅನ್ಲಿಲ್ಲ, ಹಾಕ್ಕೊಂಡು ನೋಡಿ ಒಲ್ಲೆ ಅಂದ್ಳು ಅಂತ ಹೇಳು."

ಓಣಿಯ ಆ ತುದಿಯಿಂದ ಯಾರೋ, "ಹೌದ ಹುಲಿಯಾ!" ಎಂದರು. ಗುರುಪುತ್ರಪ್ಪ ಬಾಗಿಲ ಹಿಂದೆ ಮುಖ ಮುಚ್ಚಿ ನಗುತ್ತಿದ್ದ.

"ಕಾರಿನ್ಯಾಗರ ಬಿಡತೇನಿ, ನಡಿ," ಎಂದ ಗೌರೀಶ, ಸೋತ ದನಿಯಲ್ಲಿ.

"ಬ್ಯಾಡ. ಬಸ್ಸಿಗಿ ಹೋಗತೇನಿ. ನನಗ ಅಲ್ಲೊಂದು ಕೆಲಸ ಉಳದೈತಿ."

ಖಾನಾಪುರದಲ್ಲಿ ಇಳಿದಾಗ ಅದೇ ಮಳೆ, ಅದೇ ಉಗಿ, ಅದೇ ಕಲಸಿದ ಬೋರ್ಡುಗಳು. ನಂದಗಡದ ಕಡೆಯ ಹೆಂಗಸರ ಗುಂಪು ಬೇರೆ ನಿಂತಿತ್ತು, ಸಾತವ್ವನೂ ಅದರಲ್ಲಿ. ಶಿವಲಿಂಗವ್ವ ಸೊಂಟಕ್ಕೆ ಕೈ ಇಟ್ಟು ನಡುವೆ ನಿಂತು ಒದರಿದಳು. "ನಂದಗಡದ ಬಸ್ಸು ಯಾವುದ್ರೀ? ನನಗ ಕಾಣವಲ್ದು!"

ಸಾತವ್ವನ ಬಾಯಲ್ಲಿ ನಗು ಬರುವ ಮೊದಲೇ ಅರ್ಧ ಸ್ಟ್ಯಾಂಡು ಕೈ ಮಾಡಿ ತೋರಿಸಿತು. ಕೊನೆಗೆ ಸಾತವ್ವನೇ ಗಂಟು ಹಿಡಿದುಕೊಂಡು ಹತ್ತಿಸಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಧನಪಾಲನ ಮನೆಯಲ್ಲಿ ಅಕ್ಕಾತಾಯಿ ಗೋಡೆಗೆ ಒರಗಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಕಣ್ಣು ಮಂಜಾಗಿ, ಈಗ ಕೈಯೇ ಕಣ್ಣು. ಸೀರೆಯನ್ನು ತೊಡೆಯ ಮೇಲೆ ಹರಡಿ, ಹಿಂಬದಿಯಿಂದ ಹೆಬ್ಬೆರಳು ಸವರುತ್ತ ಹೊರಟಳು. ಹೊಲಿಗೆಯ ಸುಳ್ಳು ಯಾವಾಗಲೂ ಹಿಂದೆ ಸಿಗುತ್ತದೆ ಎಂದು ಕಲಿಸಿದವಳೇ ಅವಳು. ಸೆರಗು ಪೂರ್ತಿ ಸವರಿದಳು. ತಿರುಗಿ ಬಂದಳು. ಇನ್ನೊಮ್ಮೆ ಹೋದಳು. ಕುಬಸಕ್ಕೆ ಕಾಯುತ್ತಿದ್ದ ಹೆಂಗಸರೆಲ್ಲ ಆ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಎಲ್ಲಿ ಮಾಡೀಯವ್ವಾ?" ಎಂದು ಕೇಳಿದಳು ಕೊನೆಗೆ.

ಹೆಬ್ಬೆರಳು ನೋಡಲು ಹಣೆಗೆ ಏರಿಸಿದ್ದ ಚಷ್ಮಾವನ್ನು ಶಿವಲಿಂಗವ್ವ ಮೂಗಿಗೆ ಇಳಿಸಿದಳು. ಹಸಿರು ಬಳೆ ತೊಟ್ಟು ದೂರದ ಬಾಗಿಲಲ್ಲಿ ನಿಂತಿದ್ದ ಅನುಜಾ ಸ್ಪಷ್ಟವಾಗಿ ಕಂಡಳು.

"ಹೇಳೂದಿಲ್ರೀ ಆಯಿ," ಎಂದಳು. "ನೀವ ಹುಡುಕ್ರಿ."